ದಿನದ ಮೊದಲ ಕೈ

ಮನುಷ್ಯ ಕುಡಿದಿದ್ದಾನೋ ಇಲ್ಲವೋ ಎಂದು ಉಸಿರು ನೋಡಿ ಹೇಳುವ ಕಾಲ ಮುಗಿದು, ಅವನು ಎಷ್ಟು ಮಬ್ಬಾಗಿದ್ದಾನೆ ಎಂದು ಅಂಗೈ ನೋಡಿ ಹೇಳುವ ಕಾಲ ಬಂದಿತ್ತು. ಹಿರಿಯೂರಿನಾಚೆ, ಮಾರಿಕಣಿವೆ ಕಟ್ಟೆಗೆ ಹೋಗುವ ದಾರಿಯಲ್ಲಿ, ಗಾಳಿಯಂತ್ರಗಳ ಗುಡ್ಡದ ಕೆಳಗಿದ್ದ ರೇಸ್ ಟ್ರ್ಯಾಕಿನಲ್ಲಿ ಈ ಎರಡೂ ಕಾಲಗಳನ್ನು ಕಂಡವಳು ಚಂದ್ರಕಲಾ. ಅಲ್ಲಿನ ತಪಾಸಣಾ ಕೊಠಡಿಗೆ ಅವಳೇ ಅಧಿಕಾರಿ. ಕಾರು ಹತ್ತುವ ಪ್ರತಿಯೊಬ್ಬ ಚಾಲಕನೂ ಬೆಳಿಗ್ಗೆ ಅವಳ ಮುಂದೆ ಕೂತು, ಅವಳ ಸಹಿ ಬಿದ್ದ ಚೀಟಿ ಹಿಡಿದೇ ಹೊರಗೆ ಹೋಗಬೇಕು.

ಉಸಿರಿನ ಕಾಲದಲ್ಲಿ ಚಾಲಕರು ಹೇಳದ ನೆಪವಿರಲಿಲ್ಲ. ಬಾಯಿ ಮುಕ್ಕಳಿಸಿದ ಔಷಧಿ, ಹೋಮಿಯೋಪತಿ ಹನಿ, ಅತ್ತೆಮನೆಯಲ್ಲಿ ತಿಂದ ಕೇಕು; ಒಬ್ಬನಂತೂ ಮೂರು ದಿನ ಹುಳಿ ಬಂದ ದೋಸೆಹಿಟ್ಟಿನ ಮೇಲೆ ತಪ್ಪು ಹೊರಿಸಿದ್ದ. ಏನೂ ತೋಚದಿದ್ದರೆ ಯಂತ್ರವೇ ಕೆಟ್ಟಿದೆ ಎನ್ನುತ್ತಿದ್ದರು. ಕುಣಿಯಲಾರದವಳು ನೆಲ ಡೊಂಕು ಎಂದಳಂತಲ್ಲ, ಹಾಗೆ. ಈ ಮಾತಿಗೆ ಮದ್ದೆಂದು ಚಂದ್ರಕಲಾ ಒಂದು ಪದ್ಧತಿ ಇಟ್ಟುಕೊಂಡಳು. ಎಲ್ಲರೂ ಸಾಲಾಗಿ ನಿಂತ ಮೇಲೆ, ಅವರ ಕಣ್ಣೆದುರೇ ತಾನು ಮೊದಲು ಕೊಳವೆಗೆ ಊದಿ, ಬಂದ ಸೊನ್ನೆಯನ್ನು ತಿರುಗಿಸಿ ತೋರಿಸುವುದು. ಹೆಂಡವಿರಲಿ, ಬ್ರಾಂದಿ ತುಂಬಿದ ಚಾಕಲೇಟನ್ನೂ ಮುಟ್ಟಿದವಳಲ್ಲ ಅವಳು. ಆಮೇಲೆ ಯಂತ್ರ ಕೆಟ್ಟಿದೆ ಎಂದು ಹೇಳಲು ಯಾರಿಗೂ ಬಾಯಿ ಬರುತ್ತಿರಲಿಲ್ಲ. ಹೀಗೆ ಏಳು ವರ್ಷ ನಡೆಯಿತು.

ಆಮೇಲೆ ಮಬ್ಬುಮಾಪಕ ಬಂತು. ನೋಡುವುದಕ್ಕೆ ಅದು ಮೇಜಿನ ಮೇಲೆ ನಿಲ್ಲಿಸಿದ ಒಂದು ಸ್ಟೀರಿಂಗ್ ಚಕ್ರ. ಎರಡೂ ಕೈಯಲ್ಲಿ ಹಿಡಿದರೆ ಅಂಚಿನಲ್ಲಿ ಪುಟ್ಟ ಪುಟ್ಟ ದೀಪಗಳು ಎಲ್ಲೆಂದರಲ್ಲಿ ಹೊತ್ತಿಕೊಳ್ಳುತ್ತವೆ. ಹೊತ್ತಿದ ಕಡೆ ಬೆರಳಿನಿಂದ ಒತ್ತಬೇಕು. ನಲವತ್ತು ಸೆಕೆಂಡಿನಲ್ಲಿ ಅದು ಮೂರು ಸಂಗತಿ ತಿಳಿದುಕೊಳ್ಳುತ್ತದೆ. ಅಂಗೈ ಬೆವರಿನಲ್ಲಿ ಮದ್ಯ ಎಷ್ಟಿದೆ, ಕಣ್ಣು ಕಂಡದ್ದು ಬೆರಳಿಗೆ ತಲುಪಲು ಎಷ್ಟು ತಡವಾಗುತ್ತಿದೆ, ಕೈ ಎಷ್ಟು ಅದುರುತ್ತಿದೆ. ಮೂರನ್ನೂ ಕಲಸಿ ಒಂದೇ ಒಂದು ಅಂಕಿ ಕೊಡುತ್ತದೆ. ಆ ಅಂಕಿಗೆ ಮಬ್ಬು ಎಂದು ಹೆಸರು. ಹನ್ನೆರಡರ ತನಕ ಪಾಸು. ಹದಿಮೂರಾದರೆ ಆ ದಿನದ ಮಟ್ಟಿಗೆ ನೀನು ಕುಡಿದವನೇ. ಕುಡಿದು ಮಬ್ಬಾದೆಯೋ, ನಿದ್ದೆಗೆಟ್ಟು ಮಬ್ಬಾದೆಯೋ, ಕಾನೂನಿಗೆ ಭೇದವಿಲ್ಲ. ಕಾರು ಗುದ್ದಿಸಿಕೊಂಡವನಿಗೂ ಆ ಭೇದ ಬೇಕಾಗುವುದಿಲ್ಲ ಎನ್ನುವುದು ಕಾನೂನು ಬರೆದವರ ವಾದ.

ಮೊದಲ ಬೇಸಿಗೆಯಲ್ಲೇ ತೊಡಕು ಬಂತು. ಏಪ್ರಿಲ್ ಬಿಸಿಲಿಗೆ ಎಲ್ಲರ ಕೈ ಬೆವರಿ, ಎಲ್ಲರ ಬೆರಳೂ ನಿಧಾನವಾಗಿ, ಒಂದು ಭಾನುವಾರ ಹದಿನಾಲ್ಕು ಚಾಲಕರಲ್ಲಿ ಹದಿನಾಲ್ಕೂ ಜನ ಕುಡುಕರಾಗಿಬಿಟ್ಟರು. ಯಂತ್ರದ ಕಂಪನಿಯವರು ಅದಕ್ಕೊಂದು ಉಪಾಯ ಹೂಡಿದರು. ಬೆಳಿಗ್ಗೆ ಎಲ್ಲರಿಗಿಂತ ಮೊದಲು ನಂಬಿಕಸ್ಥರೊಬ್ಬರು ಚಕ್ರ ಹಿಡಿಯಬೇಕು. ಅವರ ಮಬ್ಬು ಎಷ್ಟಿದ್ದರೂ ಅದನ್ನೇ ಆ ದಿನದ ಸೊನ್ನೆ ಎಂದಿಟ್ಟುಕೊಂಡು, ಮಿಕ್ಕವರ ಅಂಕಿಯಿಂದ ಅಷ್ಟನ್ನು ಯಂತ್ರ ಕಳೆಯುತ್ತದೆ. ಸೆಕೆ ಎಲ್ಲರಿಗೂ ಒಂದೇ ತಾನೆ. ಕೈಪಿಡಿಯಲ್ಲಿ ಇದಕ್ಕೆ ‘ದಿನದ ಮೊದಲ ಕೈ’ ಎಂದು ಹೆಸರು. ಯಾರ ಕೈ ಎಂಬ ಪ್ರಶ್ನೆಯೇ ಮಾರಿಕಣಿವೆಯಲ್ಲಿ ಏಳಲಿಲ್ಲ. ಏಳು ವರ್ಷ ಮೊದಲು ಊದಿದವಳು ಈಗ ಮೊದಲು ಹಿಡಿದಳು, ಅಷ್ಟೆ.

ಮಬ್ಬುಮಾಪಕ ರೇಸ್ ಟ್ರ್ಯಾಕಿನಲ್ಲೇ ಉಳಿಯಲಿಲ್ಲ. ಬಸ್ ಡಿಪೋಗೆ ಹೋಯಿತು, ಶಾಲೆಯ ವ್ಯಾನಿಗೆ ಹೋಯಿತು, ಮದುವೆ ಛತ್ರದ ಅಡುಗೆಮನೆಗೂ ಹೋಯಿತು. ಹುಡುಗನ ಜಾತಕದ ಜೊತೆ ಆರು ತಿಂಗಳ ಮಬ್ಬುಚೀಟಿ ಕೇಳುವ ಹೆಣ್ಣಿನ ತಂದೆಯರು ಹುಟ್ಟಿಕೊಂಡರು. ಡಿಪೋಗಳಲ್ಲಿ ಅಂಕಿ ಇಳಿಯಲೆಂದು ತಣ್ಣೀರಲ್ಲಿ ಮುಖ ತೊಳೆದು, ಶುಂಠಿ ಅಗಿಯುತ್ತ ಕೂರುವವರಿಗೆ ಒಂದು ಬೆಂಚೇ ಮೀಸಲಾಯಿತು. ಜೀವಮಾನದಲ್ಲಿ ಒಂದು ಹನಿ ಮುಟ್ಟದಿದ್ದರೂ ವಯಸ್ಸಿನಿಂದಲೋ ಕಾಯಿಲೆಯಿಂದಲೋ ದಿನಾ ಹದಿನಾಲ್ಕು ಹದಿನೈದು ಬರುವ ಪಾಪದವರು ಊರೂರಲ್ಲಿ ಇದ್ದರು. ಅವರಿಗೆ ಜನ ‘ಒಣಕುಡುಕರು’ ಎಂದು ಹೆಸರಿಟ್ಟರು. ನಗುವವರಿಗೆ ಅದು ತಮಾಷೆ, ಹೆಸರು ಹೊತ್ತವರಿಗೆ ಕೆಲಸ ಹೋಗಿತ್ತು.

ಸ್ಕೂಟರಿನ ಹಿಡಿಕೆಗೂ ಅಗ್ಗದ ಮಬ್ಬುಬೀಗ ಬಂತು. ಚಂದ್ರಕಲಾಳ ಸ್ಕೂಟರು ಕಳೆದ ಯುಗಾದಿಯಿಂದ ಅವಳಿಗೆ ಹಟ ಮಾಡತೊಡಗಿತ್ತು. ಬೆಳಿಗ್ಗೆ ಹಿಡಿಕೆ ಹಿಡಿದರೆ ಇಪ್ಪತ್ತೆರಡು, ಇಪ್ಪತ್ಮೂರು ಎಂದು ತೋರಿಸಿ ಸ್ಟಾರ್ಟ್ ಆಗುತ್ತಲೇ ಇರಲಿಲ್ಲ. ಎರಡು ಸಲ ರಿಪೇರಿಗೆ ಕೊಟ್ಟಳು. ಬೀಗ ಸರಿಯಾಗಿದೆ ಎಂದು ಮೆಕ್ಯಾನಿಕ್ ಎರಡು ಸಲವೂ ವಾಪಸು ಕೊಟ್ಟ. ಅಗ್ಗದ ಮಾಲಿನ ಬುದ್ಧಿಯೇ ಇಷ್ಟು ಎಂದು ಬೈದು ಅವಳು ಬಸ್ಸಿನಲ್ಲಿ ಓಡಾಡತೊಡಗಿದಳು. ಟ್ರ್ಯಾಕಿನ ದೊಡ್ಡ ಯಂತ್ರ ತನಗೆ ಪ್ರತಿದಿನ ಸೊನ್ನೆ ಕೊಡುತ್ತಿರುವಾಗ ಈ ಡಬ್ಬಿಯ ಮಾತು ಯಾರು ಕೇಳುತ್ತಾರೆ? ದೊಡ್ಡ ಯಂತ್ರಕ್ಕೆ ಅವಳೇ ಸೊನ್ನೆ ಎಂಬುದು ಆ ಹೊತ್ತಿಗೆ ಅವಳ ತಲೆಗೆ ಬರಲಿಲ್ಲ.

ಅದೇ ಋತುವಿನಲ್ಲಿ ಮಾರಿಕಣಿವೆಗೆ ಒಳ್ಳೆಯ ಹೆಸರು ಬಂದಿತ್ತು. ಉಳಿದ ಟ್ರ್ಯಾಕುಗಳಲ್ಲಿ ಚಾಲಕರಿಗೆ ಆರು, ಎಂಟು, ಹತ್ತು ಬರುತ್ತಿದ್ದರೆ ಇಲ್ಲಿ ಸಾಲುಸಾಲಾಗಿ ಸೊನ್ನೆ. ಸೊನ್ನೆಗಿಂತ ಕೆಳಗಿನ ಅಂಕಿ ಯಂತ್ರಕ್ಕೆ ಗೊತ್ತಿರಲಿಲ್ಲ. ಕಲಾ ಮೇಡಂ ಕೈಗುಣ ಎಂದು ಚಾಲಕರು ಹೊಗಳಿದರು. ಇಲ್ಲಿಗೆ ಬಂದರೆ ಮೈ ಹಗುರಾಗುತ್ತದೆ ಎಂದವರೂ ಉಂಟು. ಶಿಸ್ತಿನ ಟ್ರ್ಯಾಕ್ ಎಂದು ರೇಸಿಂಗ್ ಒಕ್ಕೂಟದವರು ಅವಳಿಗೆ ಶಾಲು ಹೊದಿಸಿ ಫಲಕ ಕೊಟ್ಟರು. ಫಲಕ ಹಿರಿಯೂರಿನ ಮನೆಯಲ್ಲಿ ಟಿವಿಯ ಪಕ್ಕ ನಿಂತಿತು.

ಆಗಸ್ಟಿನ ರೇಸಿನಲ್ಲಿ ಪ್ರಖ್ಯಾತ್ ಬಂಗೇರ ಎಂಬ ಮಂಗಳೂರಿನ ಚಾಲಕನ ಕಾರು ಏಳನೇ ತಿರುವಿನಲ್ಲಿ ತಿರುಗಲಿಲ್ಲ. ನೇರ ಹೋಗಿ ಬಾವುಟ ಬೀಸುವವರ ಕಟ್ಟೆಗೆ ನುಗ್ಗಿತು. ಅಲ್ಲಿ ನಿಂತಿದ್ದ ಮಾರ್ಷಲ್ ಚಳ್ಳಕೆರೆಯ ಓಬಳೇಶನ ಎಡಗಾಲನ್ನು ಮಂಡಿಯ ಮೇಲೆ ಕತ್ತರಿಸಬೇಕಾಯಿತು. ಕಾರು ಬಿಚ್ಚಿ ನೋಡಿದರು, ಬ್ರೇಕು ಸರಿಯಿತ್ತು. ಚಾಲಕನ ಚೀಟಿ ನೋಡಿದರು, ಮಬ್ಬು ಒಂಬತ್ತು. ಕಾರೂ ಸರಿ, ಚಾಲಕನೂ ಸರಿ ಎಂದಮೇಲೆ ಉಳಿಯುವುದು ಕೊಬ್ಬು ಮಾತ್ರ. ಬೇಕೆಂದೇ ಜನರ ಪ್ರಾಣದ ಜೊತೆ ಆಟವಾಡಿದ ಎಂದು ವಿಚಾರಣಾ ಸಮಿತಿ ಆರೋಪ ಹೊರಿಸಿತು. ಸಾಬೀತಾದರೆ ಜೀವಮಾನ ಪೂರ್ತಿ ಲೈಸೆನ್ಸ್ ರದ್ದು, ಮೇಲೆ ಪೊಲೀಸ್ ಕೇಸು. ಹುಡುಗನಿಗೆ ಇಪ್ಪತ್ತಾರು ವರ್ಷ.

ಆ ದಿನ ಬೆಳಿಗ್ಗೆ ಚಕ್ರದ ಮುಂದೆ ಕೂತಾಗ ಪ್ರಖ್ಯಾತ್ ಒಂದು ಮಾತು ಹೇಳಿದ್ದ. “ನಂಗೆ ತಲೆ ಸ್ವಲ್ಪ ಭಾರ ಉಂಟು ಮೇಡಂ. ಕೆಮ್ಮಿಗೆ ಸಿರಪ್ ಕುಡಿದದ್ದು, ಅದರ ಮಂಪರು ಸರಿ ಇಳೀಲಿಲ್ಲ ಅಂತ ಕಾಣ್ತದೆ.” ಚಾಲಕರು ಹೀಗೆ ತಾವಾಗಿ ಹೇಳುವುದೇ ಇಲ್ಲ. ಪಾಸಾದ ಮೇಲೆ ಹಿಂದೆ ಸರಿದವನಿಗೆ ಹೇಡಿ ಎಂಬ ಹೆಸರು, ಮುಂದಿನ ಎರಡು ರೇಸಿಗೆ ತಡೆ. ಯಂತ್ರವೇ ತನ್ನನ್ನು ತಡೆಯಲಿ ಎಂದು ಅವನು ಕಾಯುತ್ತಿದ್ದನೇನೋ. ಅಂಕಿ ಒಂಬತ್ತು ಬಂತು. “ಒಂಬತ್ತೇ ಬಂದಿದೆಯಲ್ಲಪ್ಪ, ಹೋಗು,” ಎಂದು ಅವಳು ಸಹಿ ಹಾಕಿದಳು.

ಸೆಪ್ಟೆಂಬರಿನ ವಿಚಾರಣೆಯಲ್ಲಿ, ತಲೆಭಾರದ ಸಂಗತಿ ಮೇಡಂಗೆ ಹೇಳಿದ್ದೆ ಎಂದ ಅವನು. ಸಮಿತಿಯವರು ಅವಳನ್ನು ಕೇಳಿದರು. ನೆನಪಾಗುತ್ತಿಲ್ಲ ಎಂದಳು ಚಂದ್ರಕಲಾ. ಅದು ಸುಳ್ಳು. ಯಂತ್ರವೇ ಒಂಬತ್ತು ಎಂದಮೇಲೆ ಹುಡುಗ ಏನು ಹೇಳಿದ್ದರೆ ಏನು ಎಂದು ತನಗೆ ತಾನೇ ಸಮಾಧಾನ ಮಾಡಿಕೊಂಡಳು. ಪ್ರಖ್ಯಾತ್ ತಲೆ ತಗ್ಗಿಸಿ ಕೂತ. ಆ ತಗ್ಗಿದ ತಲೆ ಅವಳ ಕಣ್ಣಿಗೆ ಕಟ್ಟಿದಂತೆ ಉಳಿಯಿತು. ಕೊನೆಯ ವಿಚಾರಣೆ ನವೆಂಬರಿನ ಒಂದು ಸೋಮವಾರಕ್ಕೆ ನಿಗದಿಯಾಯಿತು.

ಅದರ ಹಿಂದಿನ ಶುಕ್ರವಾರ ಟ್ರ್ಯಾಕಿನಲ್ಲಿ ಅಭ್ಯಾಸದ ಓಟವಿತ್ತು. ಹನ್ನೊಂದು ವರ್ಷದಲ್ಲಿ ಮೊದಲ ಸಲ ಚಂದ್ರಕಲಾ ತಡವಾದಳು. ರವಿಕೆಯ ಗುಂಡಿಗಳು ಅವತ್ತು ಯಾಕೋ ಕಾಜಾಕ್ಕೆ ಸಿಗದೆ ಹೋಗಿ, ಬಸ್ಸು ತಪ್ಪಿತು. ಅವಳು ಬರುವ ಹೊತ್ತಿಗೆ ಕೊಠಡಿಯ ಮುಂದೆ ಸಂತೆ ನೆರೆದಿತ್ತು. ಯಂತ್ರದ ಕಂಪನಿಯಿಂದ ವರ್ಷದ ತಪಾಸಣೆಗೆ ಬಂದಿದ್ದ ಎಂಜಿನಿಯರ್ ಆಫ್ರೀನ್, ಸಮಯ ಮೀರುತ್ತಿದೆಯೆಂದು ತಾನೇ ಮೊದಲ ಕೈ ಕೊಟ್ಟಿದ್ದಳು. ಹದಿನಾಲ್ಕು ಚಾಲಕರಲ್ಲಿ ಐದು ಜನ ಫೇಲು. ಎಲ್ಲರೂ ಒಂದೇ ಸಮ ಯಂತ್ರ ಕೆಟ್ಟಿದೆ ಎನ್ನುತ್ತಿದ್ದರು. ನಿನ್ನೆ ರಾತ್ರಿ ಮದುವೆ ಊಟ ಮುಗಿಸಿ ಬಂದಿದ್ದ ಇಬ್ಬರ ದನಿ ಎಲ್ಲರಿಗಿಂತ ಜೋರಾಗಿತ್ತು.

ಟ್ರ್ಯಾಕಿನ ನಿರ್ದೇಶಕ ವೀರಭದ್ರಯ್ಯ ಅವಳನ್ನು ಕಂಡು ಹೋದ ಜೀವ ಬಂದಂತೆ ಎದ್ದುಬಂದರು. ಈ ಮಗುವಿನ ಕೈ ಆಗಿಬರಲಿಲ್ಲ, ನೀವೇ ಮತ್ತೆ ಮೊದಲಿಂದ ಶುರುಮಾಡಿ ಎಂದರು. ಒಂದು ದಿನಕ್ಕೆ ಒಂದೇ ಸೊನ್ನೆ, ಈಗ ಬದಲಿಸಲು ಬರುವುದಿಲ್ಲ ಎಂದಳು ಆಫ್ರೀನ್. ಹಾಗಾದರೆ ಯಂತ್ರದ ಹಣೆಬರಹ ಎಲ್ಲರೂ ನೋಡಲಿ ಎಂದುಕೊಂಡು ಚಂದ್ರಕಲಾ ತಾನೇ ಹೋಗಿ ಚಕ್ರದ ಮುಂದೆ ಕೂತಳು. ನಾಲ್ಕು ವರ್ಷದಲ್ಲಿ ಮೊದಲ ಸಲ, ಎಲ್ಲರಂತೆ ಅವಳೂ ಸಾಲಿನಲ್ಲಿ ಒಬ್ಬಳು.

ಇಪ್ಪತ್ತಾರು ಬಂತು.

ಹಿಂದಿನಿಂದ ಒಬ್ಬ, ಮೇಡಂಗೂ ಒಂದಿನ ಬೇಕಲ್ಲಪ್ಪ ಎಂದ. ಕೊಠಡಿಯೆಲ್ಲ ನಗು. ಅವಳೂ ನಕ್ಕಳು. ನಗುತ್ತಲೇ ಸೆರಗಿನಲ್ಲಿ ಅಂಗೈ ಒರೆಸಿಕೊಂಡು ಮತ್ತೆ ಹಿಡಿದಳು. ಇಪ್ಪತ್ತಾರು. ಮೂರನೆಯ ಸಲ ಇಪ್ಪತ್ತೇಳು ಬಂದಾಗ ನಗುವವರು ಕಡಿಮೆಯಾಗಿದ್ದರು. ಯಂತ್ರ ನಿಜಕ್ಕೂ ಕೆಟ್ಟಿದೆ ಎಂದು ವೀರಭದ್ರಯ್ಯ ಅವತ್ತಿನ ಓಟ ರದ್ದು ಮಾಡಿದರು. ಆಫ್ರೀನ್ ಮಾತ್ರ ಯಂತ್ರದ ಬದಲು ಚಂದ್ರಕಲಾಳ ಬಲಗೈಯನ್ನು ನೋಡುತ್ತಿದ್ದಳು.

ಶನಿವಾರ ಬೆಳಿಗ್ಗೆ ಇಬ್ಬರೇ ಕೊಠಡಿಯಲ್ಲಿ ಕೂತರು. ಮೊದಲ ಕೈಯನ್ನು ಯಂತ್ರ ಸೊನ್ನೆ ಎಂದು ತೋರಿಸಿದರೂ, ಕಳೆಯುವುದಕ್ಕೆ ಮುಂಚಿನ ಅಸಲು ಅಂಕಿಯನ್ನು ಹೊಟ್ಟೆಯಲ್ಲಿ ಇಟ್ಟುಕೊಂಡಿರುತ್ತದೆ. ನಾಲ್ಕು ವರ್ಷದಿಂದ ಅದನ್ನು ಯಾರೂ ತೆಗೆದು ನೋಡಿರಲಿಲ್ಲ, ನೋಡುವ ಅಗತ್ಯವೂ ಕಂಡಿರಲಿಲ್ಲ. ಆಫ್ರೀನ್ ಅವನ್ನೆಲ್ಲ ತೆಗೆದು ಪರದೆಯ ಮೇಲೆ ಗೆರೆ ಎಳೆದಳು. ಮೊದಲ ಎರಡು ವರ್ಷ ಗೆರೆ ಗರಗಸದ ಹಲ್ಲಿನಂತೆ ಬೇಸಿಗೆಗೆ ಏರಿ ಮಳೆಗೆ ಇಳಿದಿತ್ತು. ಮೂರನೆಯ ವರ್ಷದಿಂದ ಹಲ್ಲುಗಳ ಸಮೇತ ಮೇಲಕ್ಕೆ ಹೊರಟಿತ್ತು.

ಆಫ್ರೀನ್ ಕೈಪಿಡಿ ತೆರೆದು ತೋರಿಸಿದಳು. ದಿನದ ಮೊದಲ ಕೈ ಕೊಡುವವರು ಮದ್ಯ ಸೇವಿಸದ, ಚೆನ್ನಾಗಿ ನಿದ್ರಿಸಿದ, ಆರೋಗ್ಯವಂತ ವ್ಯಕ್ತಿಯಾಗಿರಬೇಕು ಎಂದಿತ್ತು. ಮೊದಲ ಮಾತನ್ನು ಚಂದ್ರಕಲಾ ನಾಲ್ಕು ವರ್ಷದ ಹಿಂದೆಯೇ ಓದಿ, ಸಾಕು ಎಂದು ಮುಚ್ಚಿದ್ದಳು. ಉಸಿರಿನ ಕಾಲದಲ್ಲಿ ಪಳಗಿದವಳಿಗೆ ಕುಡಿಯದಿರುವುದೇ ಎಲ್ಲ ಯೋಗ್ಯತೆಯೂ ಆಗಿತ್ತು.

ಈಚೆಗೆ ಸುಸ್ತು ಜಾಸ್ತಿ, ಅದಕ್ಕೇ ಇರಬೇಕು ಎಂದಳು.

“ಸುಸ್ತಾದ್ರೆ ಏರಿ ಇಳೀತದೆ ಮೇಡಂ. ಇದು ಇಳಿದೇ ಇಲ್ಲ,” ಎಂದಳು ಆಫ್ರೀನ್. ಆಮೇಲೆ ಅಂಕಿಯನ್ನು ಬಿಡಿಸಿ ಮೂರು ಭಾಗ ಮಾಡಿ ತೋರಿಸಿದಳು. ಮದ್ಯ ಎಂದಿಗೂ ಸೊನ್ನೆ. ತಡ ಏರಿದೆ. ನಡುಕ ಏರಿದೆ, ಅದೂ ಬಲಗೈಯಲ್ಲಿ ಮಾತ್ರ. ಯಾವುದಾದರೂ ನರಗಳ ಡಾಕ್ಟರಿಗೆ ತೋರಿಸಿ ಎಂದು ಮೆಲ್ಲಗೆ ಹೇಳಿ, ಕಿಟಕಿಯ ಕಡೆ ತಿರುಗಿ ಕೂತಳು.

ಚಂದ್ರಕಲಾ ಕೇಳಿದ್ದು ಆಗಸ್ಟಿನ ಆ ಭಾನುವಾರದ ಅಂಕಿ. ಅವತ್ತು ಅವಳ ಅಸಲು ಮಬ್ಬು ಇಪ್ಪತ್ತನಾಲ್ಕು. ಗಟ್ಟಿಮುಟ್ಟಾದವರ ಕೈಯಿದ್ದಿದ್ದರೆ ಐದಿರುತ್ತಿತ್ತು. ಎಂದರೆ ಯಂತ್ರ ಹತ್ತೊಂಬತ್ತು ಹೆಚ್ಚಿಗೆ ಕಳೆದಿತ್ತು. ಪ್ರಖ್ಯಾತನ ಒಂಬತ್ತು ನಿಜವಾಗಿ ಇಪ್ಪತ್ತೆಂಟು. ಆ ಕೊಠಡಿಯಿಂದ ಅವನು ಹೊರಗೇ ಹೋಗಬಾರದಿತ್ತು.

ತನ್ನ ವರದಿ ಕಂಪನಿಗೆ ಹೋಗುವುದು ಮುಂದಿನ ತಿಂಗಳು, ಸೋಮವಾರದ ವಿಚಾರಣೆಗೂ ತನಗೂ ಸಂಬಂಧವಿಲ್ಲ ಎಂದಳು ಆಫ್ರೀನ್. ಅವಳ ಮಟ್ಟಿಗೆ ಅದು ದೊಡ್ಡ ಉಪಕಾರವೇ. ಅವಳು ಹೋದ ಮೇಲೆ ಚಂದ್ರಕಲಾ ಬೀರುವಿನಿಂದ ಹಳೆಯ ಚೀಟಿಗಳ ಕಟ್ಟು ತೆಗೆದಳು. ಮೊದಲ ವರ್ಷದ ಸಹಿ ಗೆರೆ ದಾಟಿ ಕಾಲು ಚಾಚಿಕೊಂಡಿತ್ತು. ವರ್ಷದಿಂದ ವರ್ಷಕ್ಕೆ ಅದು ಮುದುಡುತ್ತ ಬಂದು, ಈ ತಿಂಗಳ ಚೀಟಿಯಲ್ಲಿ ಇರುವೆ ಸಾಲಿನಷ್ಟಾಗಿತ್ತು. ಅಂಗೈ ಹುಣ್ಣಿಗೆ ಕನ್ನಡಿ ಬೇಕೆ ಎನ್ನುತ್ತಾರೆ. ಅವಳಿಗೆ ಕನ್ನಡಿ, ಸ್ಕೂಟರು, ಕಂಪನಿಯ ಎಂಜಿನಿಯರು, ಎಲ್ಲ ಬೇಕಾಯಿತು.

ಅವಳ ಗಂಡ ಓಂಕಾರಪ್ಪ ಸರ್ಕಾರಿ ಹೈಸ್ಕೂಲಿನಲ್ಲಿ ಡ್ರಾಯಿಂಗ್ ಮಾಸ್ತರು. ಮನೆಯ ಬಾಗಿಲ ಮುಂದೆ ಸಿಮೆಂಟಿನ ಮೇಲೆ ಕೆಮ್ಮಣ್ಣಿನಲ್ಲಿ ಅವರೇ ಒಂದು ಚೌಕ ಬಳಿದಿದ್ದರು. ಅದರಲ್ಲಿ ಚಂದ್ರಕಲಾ ದಿನಾ ಬೆಳಿಗ್ಗೆ ಒಂಬತ್ತು ಚುಕ್ಕಿಯ ರಂಗೋಲಿ ಹಾಕುತ್ತಿದ್ದಳು. ಹೊಸದಾಗಿ ಬಳಿದಾಗ ರಂಗೋಲಿ ಚೌಕದ ನಾಲ್ಕೂ ಅಂಚಿಗೆ ಮುಟ್ಟುತ್ತಿತ್ತು. ಭಾನುವಾರ ಅವಳು ಹಾಕಿ ಮುಗಿಸಿ ಎದ್ದು ನಿಂತು, ಮೊದಲ ಸಲ ಪರರ ಮನೆಯ ರಂಗೋಲಿ ನೋಡಿದಂತೆ ನೋಡಿದಳು. ಸುತ್ತ ಒಂದೊಂದು ಗೇಣು ಕೆಂಪು ಖಾಲಿ ಉಳಿದಿತ್ತು.

ಈ ನಡುವೆ ರಂಗೋಲಿ ಪುಡಿ ಬಹಳ ದಿನ ಬರುತ್ತಿದೆ ಎಂದು ಓಂಕಾರಪ್ಪ ಆಗಾಗ ತಮಾಷೆ ಮಾಡುತ್ತಿದ್ದರು. ಗೆರೆ ನೋಡುವುದೇ ಕಸುಬಾದವರು. ಅವಳು ಒಳಗೆ ಬಂದು ಅವರ ಎದುರು ಕೂತು, ಯಾವಾಗಿಂದ ಗೊತ್ತು ಎಂದು ಕೇಳಿದಳು. ಅವರು ಪೇಪರು ಮಡಿಸಿದರು.

“ಯುಗಾದಿ ಆಸುಪಾಸಿಂದ.”

“ಯಾಕ್ರೀ ಹೇಳ್ಲಿಲ್ಲ?”

“ಹೇಳಿದ್ರೆ ನಿಜ ಆಗ್ಬಿಡುತ್ತೆ ಅಂತ.”

ಅವಳಿಗೆ ಸಿಟ್ಟು ಬಂತು, ಅಳುವೂ ಬಂತು. ಎರಡರಲ್ಲಿ ಯಾವುದನ್ನು ಮೊದಲು ಮಾಡಬೇಕೆಂದು ತಿಳಿಯದೆ ಎದ್ದು ಹೋಗಿ ಕಾಫಿಗೆ ಇಟ್ಟಳು. ಸೋಮವಾರದ ಸಂಗತಿಯನ್ನು ಒಲೆಯ ಮುಂದೆ ನಿಂತೇ ಹೇಳಿದಳು. ಓಂಕಾರಪ್ಪ ಎಲ್ಲ ಕೇಳಿಸಿಕೊಂಡು, ಸುಮ್ಮನಿರುವುದೇ ಮೇಲು ಎಂದರು. ಹೇಳಿದರೆ ಎರಡು ವರ್ಷದ ಸೊನ್ನೆಗಳೆಲ್ಲ ಸುಳ್ಳಾಗುತ್ತವೆ, ಕೆಲಸ ಹೋಗುತ್ತದೆ. ಇಪ್ಪತ್ತಾರು ಎಂಬ ಅಂಕಿ ಹೆಸರಿಗೆ ಅಂಟಿದರೆ ಮತ್ತೆ ಬಿಡುವುದಿಲ್ಲ. ಹೆಂಡ ಕಂಡರೆ ಮೂಗು ಮುಚ್ಚುವ ಹೆಂಡತಿಯನ್ನು ಊರೆಲ್ಲ ಒಣಕುಡುಕಿ ಎನ್ನುವುದನ್ನು ತಾವು ಕೇಳಲಾರರು. ಆ ಹುಡುಗನಿಗಾದರೋ ವಯಸ್ಸಿದೆ, ಬೇರೆ ದಾರಿ ಹಿಡಿಯುತ್ತಾನೆ ಎಂದರು. ಅವರು ಕೆಟ್ಟವರಲ್ಲ. ಹೆದರಿದ್ದರು, ಅಷ್ಟೆ. ಚಂದ್ರಕಲಾ ಲೋಟಗಳಿಗೆ ಕಾಫಿ ಬಗ್ಗಿಸಿದಳು. ಬಲಗೈಯ ಲೋಟ ತುಳುಕಿತು. ಒರೆಸಲು ಓಂಕಾರಪ್ಪ ಎದ್ದರೆ, ಬೇಡ ಎಂದು ತಾನೇ ಒರೆಸಿದಳು.

ಸೋಮವಾರ ವಿಚಾರಣೆ ನಡೆದದ್ದು ಟ್ರ್ಯಾಕಿನ ನಿಯಂತ್ರಣ ಕೊಠಡಿಯಲ್ಲಿ. ಗೋಡೆಯ ತುಂಬ ಪರದೆಗಳು; ಒಂದರಲ್ಲಿ ಏಳನೇ ತಿರುವು ಬಿಸಿಲಿಗೆ ಬಿದ್ದುಕೊಂಡಿತ್ತು. ಒಕ್ಕೂಟದ ಮೂವರು ಮೇಜಿನ ಆಚೆ, ಪ್ರಖ್ಯಾತ್ ಈಚೆ. ಓಬಳೇಶ ಊರುಗೋಲು ಗೋಡೆಗೆ ಒರಗಿಸಿ ಬಾಗಿಲ ಹತ್ತಿರ ಕೂತಿದ್ದ. ಚಂದ್ರಕಲಾಳನ್ನು ಕರೆದದ್ದು ಬರೀ ಶಾಸ್ತ್ರಕ್ಕೆ. ಅಂಕಿ ಒಂಬತ್ತು, ಸಹಿ ನಿಮ್ಮದೇ, ಹೌದಲ್ಲವೆ ಎಂದು ಕೇಳಿ, ಹೌದೆನಿಸಿಕೊಂಡು ಕಳಿಸುವ ಅಂದಾಜು ಅವರದು.

ಅಂಕಿ ತಪ್ಪು ಎಂದಳು ಅವಳು. ತಂದಿದ್ದ ಗೆರೆಯ ಹಾಳೆಯನ್ನು ಮೇಜಿನ ಮೇಲೆ ಹರಡಿ, ಮೊದಲ ಕೈ ಎಂದರೇನು, ಅದು ಯಾರ ಕೈ, ಆ ಕೈಗೆ ಏನಾಗಿದೆ ಎಂದು ಒಂದೊಂದಾಗಿ ಹೇಳಿದಳು. ಶಾಲೆಯಲ್ಲಿ ಪಾಠ ಒಪ್ಪಿಸಿದಷ್ಟು ನಿಧಾನವಾಗಿ ಹೇಳಿದಳು. ಇಪ್ಪತ್ತೆಂಟು ಎಂಬಲ್ಲಿಗೆ ಬಂದಾಗ ಸಮಿತಿಯ ಹಿರಿಯರು ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು. ಯಂತ್ರದ ದೋಷ ಇರಬಹುದಲ್ಲ, ನೀವು ಯಾಕೆ ಮೈಮೇಲೆ ಎಳೆದುಕೊಳ್ಳುತ್ತೀರಿ ಎಂದು ಅವರು ದಾರಿಯನ್ನೂ ತೋರಿಸಿದರು.

“ಯಂತ್ರದ್ದು ಹಂಗಿರ್ಲಿ ಸರ್,” ಎಂದಳು ಚಂದ್ರಕಲಾ. “ಆ ಹುಡುಗ ಅವತ್ತು ನನಗೆ ಹೇಳಿದ್ದ, ತಲೆ ಭಾರ ಇದೆ ಅಂತ. ಯಂತ್ರ ಹೇಳಿದ್ದು ಬರ್ಕೊಂಡೆ, ಅವನು ಹೇಳಿದ್ದು ಬರ್ಕೊಳ್ಳಲಿಲ್ಲ. ಹೋದ್ಸಲ ನೆನಪಿಲ್ಲ ಅಂದೆ. ನೆನಪಿತ್ತು.”

ಪ್ರಖ್ಯಾತ್ ತಲೆಯೆತ್ತಿದ. ಮುಖ ಗೆದ್ದವನ ಮುಖದಂತಿರಲಿಲ್ಲ. ಸಮಿತಿಯವರು ತಮ್ಮತಮ್ಮಲ್ಲೇ ಮಾತಾಡಿಕೊಂಡು, ಕೊನೆಗೆ ಓಬಳೇಶನಿಗೆ ಏನಾದರೂ ಹೇಳುವುದಿದೆಯೇ ಎಂದು ಕೇಳಿದರು.

“ಇಷ್ಟ್ ದಿನ ಒಬ್ಬನ್ನೇ ಬೈಕೊಂಡು ಕುಂತಿದ್ದೆ ಸಾ. ಇನ್ಮ್ಯಾಕೆ ಇಬ್ರುನ್ನ ಬೈಬೇಕು,” ಎಂದ ಓಬಳೇಶ. ಊರುಗೋಲು ಎತ್ತಿಕೊಂಡು ಎದ್ದ. ಅವಳ ಪಕ್ಕ ಬಂದಾಗ ನಿಂತು, ಅವಳ ಬಲಗೈಯನ್ನು ಒಮ್ಮೆ ನೋಡಿ, “ಡಾಕ್ಟ್ರುನ್ನ ಕಾಣ್ರಮ್ಮ,” ಎಂದು ಹೊರಟುಹೋದ.

ಪ್ರಖ್ಯಾತನ ಮೇಲಿನ ಆರೋಪ ಬಿದ್ದುಹೋಯಿತು. ಮೈ ಸರಿಯಿಲ್ಲವೆಂದು ಗೊತ್ತಿದ್ದೂ ಕಾರು ಹತ್ತಿದ್ದಕ್ಕೆ ಆರು ತಿಂಗಳು ಹೊರಗಿರಬೇಕೆಂದರು, ಅವನು ಎದುರಾಡಲಿಲ್ಲ. ಚಂದ್ರಕಲಾಳ ಕೆಲಸ ಹೋಯಿತು. ಫಲಕವನ್ನು ಯಾರೂ ಕೇಳದಿದ್ದರೂ ಅವಳೇ ಬಟ್ಟೆಯಲ್ಲಿ ಸುತ್ತಿ ವಾಪಸು ಕಳಿಸಿದಳು. ಎಲ್ಲ ಟ್ರ್ಯಾಕುಗಳಲ್ಲೂ ಮೊದಲ ಕೈಗೆ ದಿನಾ ಬೇರೆ ಬೇರೆ ಮೂವರು ಬರಬೇಕೆಂದು ನಿಯಮವಾಯಿತು. ಚೀಟಿಯಲ್ಲಿ ‘ಚಾಲಕರು ಹೇಳಿದ್ದು’ ಎಂದು ಒಂದು ಖಾಲಿ ಸಾಲು ಸೇರಿತು. ಹೆಚ್ಚಿನ ದಿನ ಅದು ಖಾಲಿಯೇ ಇರುತ್ತದೆಯಂತೆ. ನಂಬಿಕೆ ಒಂದೇ ಋತುವಿಗೆ ಬರುವುದಲ್ಲ.

ದಾವಣಗೆರೆಯ ಡಾಕ್ಟರು ಅವಳನ್ನು ನಡೆಸಿ, ಬೆರಳು ಆಡಿಸಿ, ಒಂದು ಹಾಳೆಯ ಮೇಲೆ ಹೆಸರು ಬರೆಸಿ ನೋಡಿ, ಇದು ಕಂಪವಾತ ಎಂದರು. ಪೂರ್ತಿ ಹೋಗುವ ಕಾಯಿಲೆಯಲ್ಲ, ಮಾತ್ರೆಯಿಂದ ಹಿಡಿದಿಡಬಹುದು, ಬೇಗ ಬಂದದ್ದು ಒಳ್ಳೆಯದಾಯಿತು ಎಂದರು. ಬೇಗ ಎಂಬ ಮಾತಿಗೆ ಗಂಡ ಹೆಂಡತಿ ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಊರಲ್ಲಿ ಒಣಕುಡುಕಿ ಎಂದವರು ಇಬ್ಬರೋ ಮೂವರೋ ಇದ್ದರು. ಅವಳು ಅವರ ಮನೆಯ ಮುಂದೆಯೇ ಬಸ್ ಸ್ಟ್ಯಾಂಡಿಗೆ ನಡೆದುಹೋದಳು.

ಸಂಕ್ರಾಂತಿಗೆ ಎರಡು ದಿನ ಇರುವಾಗ, ಬೆಳಿಗ್ಗೆ ಅವಳು ರಂಗೋಲಿ ಡಬ್ಬಿ ಹಿಡಿದು ಬಾಗಿಲಿಗೆ ಬಂದರೆ ಓಂಕಾರಪ್ಪ ಅಂಗಳದಲ್ಲಿ ಕುಕ್ಕರುಗಾಲಲ್ಲಿ ಕೂತಿದ್ದರು. ಪಕ್ಕದಲ್ಲಿ ಬಟ್ಟಲ ತುಂಬ ಕಲಸಿದ ಕೆಮ್ಮಣ್ಣು, ಇನ್ನೊಂದರಲ್ಲಿ ಸಿಮೆಂಟಿನ ಬೂದಿ ಬಣ್ಣ, ಕೈಯಲ್ಲಿ ಸ್ಕೂಲಿನ ಅಳತೆಪಟ್ಟಿ. ಹಳೆಯ ಚೌಕದ ಒಳಗೆ ಸುಣ್ಣದ ಕಡ್ಡಿಯಿಂದ ಇನ್ನೊಂದು ಚೌಕ ಗುರುತು ಮಾಡಿದ್ದರು. ಸುತ್ತ ಒಂದೊಂದು ಗೇಣು ಬಿಟ್ಟು, ಅವಳ ಈಗಿನ ರಂಗೋಲಿಗೆ ಸರಿಯಾಗಿ. ಹಬ್ಬಕ್ಕೆ ಬಂದವರ ಕಣ್ಣಿಗೆ ತುಂಬಿದಂತೆ ಕಾಣಲಿ ಎಂದು ಅವರ ಆಸೆ.

ಚಂದ್ರಕಲಾ ಮೆಟ್ಟಿಲ ಮೇಲೆ ನಿಂತು ಆ ಎರಡು ಚೌಕಗಳನ್ನು ನೋಡಿದಳು. ಗಂಡನ ಮೇಲೆ ಅವಳಿಗೆ ಎಂದೂ ಇಲ್ಲದಷ್ಟು ಪ್ರೀತಿ ಬಂತು. ಇಳಿದು ಬಂದು, ಅವರ ಕೈಯಿಂದ ಅಳತೆಪಟ್ಟಿ ತೆಗೆದುಕೊಂಡಳು.

“ಚೌಕ ಚಿಕ್ಕದು ಮಾಡ್ಬೇಡಿ ಕಣ್ರೀ,” ಎಂದಳು. “ಎಷ್ಟು ಖಾಲಿ ಉಳೀತು ಅಂತ ನನಗೆ ದಿನಾ ಕಾಣ್ಬೇಕು.”

ಬಗ್ಗಿ ಸುಣ್ಣದ ಗೆರೆಯನ್ನು ಸೆರಗಿನಿಂದ ಒರೆಸಿ, ಹಳೆಯ ಚೌಕದ ಮಧ್ಯದಲ್ಲಿ ಮೊದಲ ಚುಕ್ಕಿ ಇಟ್ಟಳು.